ಹಳೇ ಹಾಸಿಗೆ ಯಾರ ಪಾಲಿಗೆ?

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಮನೆಗಳಲ್ಲಿ ಹಾಸಿಗೆಗಳೆಲ್ಲ ಹೊರಗೆ ಬೀಳುತ್ತವೆ. ನವರಾತ್ರಿಯ ಘಟಸ್ಥಾಪನೆಗೆ ಮುಂಚೆ ಕೌದಿ, ಚಾದರ, ಜಮಖಾನ, ದಿಂಬಿನ ಗವಸು ಒಂದೂ ಬಿಡದೆ ಒಗೆದು ಒಣಗಿಸಬೇಕು. ವರದೆಯ ದಂಡೆ, ತುಂಗಭದ್ರೆಯ ದಂಡೆ, ಊರ ಕೆರೆ, ಈಗೀಗ ಹಿತ್ತಲಿನ ನಳ. ನೀರು ಕುಡಿದ ಕೌದಿಯನ್ನು ಒಬ್ಬಳೇ ಎತ್ತಲಾರಳು. ಇಬ್ಬರು ಎರಡು ತುದಿ ಹಿಡಿದು, ಒಬ್ಬಳು ಬಲಕ್ಕೆ ಒಬ್ಬಳು ಎಡಕ್ಕೆ ತಿರುವಿ ಹಿಂಡುತ್ತಾರೆ. ಹಾಗೆ ಹಿಂಡುವಾಗಲೇ ಒಳಗೆಲ್ಲೋ ಪರ್ರನೆ ಸದ್ದಾಗುತ್ತದೆ.

“ಇನ್ನ ಇದನ್ನ ಒಗದ ಬಿಡೂಣ್ರಿ ಅತ್ತಿ” ಎನ್ನುತ್ತಾಳೆ ಸೊಸೆ. “ಇನ್ನೊಂದ ಮಳಿಗಾಲ ಬಾಳತೈತಿ, ತಡಿಯವಾ” ಎನ್ನುತ್ತಾಳೆ ಅತ್ತೆ.

ಈ ಭಾಗದ ಮಾತಿನಲ್ಲಿ ‘ಒಗಿ’ ಎಂದರೆ ತೊಳೆ ಎಂದೂ ಹೌದು, ಬಿಸಾಡು ಎಂದೂ ಹೌದು. ಕಲ್ಲಿನ ಮೇಲೆ ಬಿದ್ದ ಅರಿವೆ ಯಾವ ‘ಒಗಿ’ಗೆ ಸೇರಬೇಕು ಎಂಬ ಪ್ರಶ್ನೆ ಮನೆವಾರ್ತೆಯದ್ದಷ್ಟೇ ಅಲ್ಲ. ಭಾರತದ ಧರ್ಮಚಿಂತನೆ ಇದೇ ಹಳೆಯ ಬಟ್ಟೆಯನ್ನು ಕೈಯಲ್ಲಿ ಹಿಡಿದು ಬಹಳ ದೂರ ನಡೆದಿದೆ.

ಭಗವದ್ಗೀತೆಯ ಎರಡನೇ ಅಧ್ಯಾಯದ 22ನೇ ಶ್ಲೋಕದ ಹೋಲಿಕೆ ಎಲ್ಲರಿಗೂ ಗೊತ್ತು. ಮನುಷ್ಯ ಜೀರ್ಣವಾದ ಬಟ್ಟೆ ಬಿಟ್ಟು ಹೊಸದು ಉಡುವಂತೆ ಆತ್ಮ ಹಳೆಯ ದೇಹ ಬಿಟ್ಟು ಹೊಸದಕ್ಕೆ ಹೋಗುತ್ತದೆ. ಸಾವಿನ ಮನೆಯಲ್ಲಿ ಈ ಮಾತು ಸಮಾಧಾನ ಕೊಡುತ್ತದೆ, ನಿಜ. ಆದರೆ ಬಟ್ಟೆ ಜೀರ್ಣವಾಯಿತು ಎಂದು ತೀರ್ಮಾನಿಸುವುದು ಹೇಗೆ? ಬಿಟ್ಟ ಬಟ್ಟೆ ಮುಂದೆ ಎಲ್ಲಿಗೆ ಹೋಗುತ್ತದೆ? ಆ ಶ್ಲೋಕಕ್ಕೆ ಅದು ಬೇಕಿರಲಿಲ್ಲ. ಬಟ್ಟೆ ಅಲ್ಲಿ ಉಪಮೆ ಮಾತ್ರ. ಕನ್ನಡದಲ್ಲಿ ‘ಜೀರ್ಣ’ ಎಂದರೆ ಹಳತಾಗಿ ಸವೆದದ್ದು. ಉಂಡ ಅನ್ನ ಕರಗಿ ಮೈಗೆ ಹತ್ತುವುದೂ ಜೀರ್ಣವೇ. ಹಾಳುಬಿದ್ದ ಗುಡಿಯನ್ನು ಎತ್ತಿ ನಿಲ್ಲಿಸುವುದು ಜೀರ್ಣೋದ್ಧಾರ. ಒಂದೇ ಪದದಲ್ಲಿ ಸವೆಯುವುದು, ಅರಗುವುದು, ಮತ್ತೆ ಏಳುವುದು ಮೂರೂ ಇವೆ.

ಕೌದಿ ಈ ಮೂರನೆಯ ಅರ್ಥದ್ದು. ಸೀರೆ ಹರಿಯುವುದು ಸಾಮಾನ್ಯವಾಗಿ ನಡುವೆ. ಅಂಚು ಗಟ್ಟಿ ಉಳಿದಿರುತ್ತದೆ. ಹಾಸುವ ಚಾದರವೂ ಹಾಗೆಯೇ, ಹೆಗಲು ಮತ್ತು ಸೊಂಟ ಉಜ್ಜುವ ಕಡೆ ಮೊದಲು ತೆಳುವಾಗುತ್ತದೆ. ಬಾಗಿಲ ಬೆಳಕಿಗೆ ಎತ್ತಿ ಹಿಡಿದರೆ ಮಲಗಿದವರ ಮೈಯ ಅಚ್ಚು ಕಾಣುತ್ತದೆ. ಸುಗ್ಗಿ ಮುಗಿದ ಮೇಲೆ, ಬೇಸಿಗೆಯ ಮಧ್ಯಾಹ್ನಗಳಲ್ಲಿ, ಹೆಂಗಸರು ಈ ಸೀರೆ, ಧೋತರ, ಅಂಗಿಗಳ ಗಟ್ಟಿ ಭಾಗಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಮುಖವಾಗಿ ಸಾಲು ಸಾಲು ದಾರ ಎಳೆಯುತ್ತಾರೆ. ತೀರಿಹೋದ ತಾಯಿಯ ಸೀರೆ ಮಗಳ ಕೌದಿಯ ಒಳಪದರವಾಗುತ್ತದೆ. ಹುಟ್ಟಿದ ಕೂಸಿಗೆ ಮೊದಲು ಸುತ್ತುವುದೂ ಹಳೇ ಸೀರೆಯ ತುಂಡನ್ನೇ. ನೂರು ಸಲ ಒಗೆದ ಹತ್ತಿಯಷ್ಟು ಮೆತ್ತಗಿನದು ಅಂಗಡಿಯಲ್ಲಿ ಸಿಗುವುದಿಲ್ಲ. ಸವೆದದ್ದೇ ಅದರ ಯೋಗ್ಯತೆ.

ಬೌದ್ಧರ ವಿನಯಪಿಟಕದಲ್ಲಿ ಇದಕ್ಕೆ ಹತ್ತಿರದ ಪ್ರಸಂಗವೊಂದಿದೆ. ಕೌಶಾಂಬಿಯ ಉದಯನ ರಾಜನ ರಾಣಿವಾಸದವರು ಬುದ್ಧನ ಶಿಷ್ಯ ಆನಂದನಿಗೆ 500 ಬಟ್ಟೆಗಳನ್ನು ಕೊಟ್ಟುಬಿಡುತ್ತಾರೆ. ಸನ್ಯಾಸಿಗೆ ಇಷ್ಟು ಬಟ್ಟೆ ಯಾಕೆ, ಅಂಗಡಿ ಇಡುತ್ತಾನೆಯೇ ಎಂದು ಕೆರಳಿದ ರಾಜ ಬಂದು ಕೇಳುತ್ತಾನೆ. ಚೀವರ, ಅಂದರೆ ಉಡುವ ಬಟ್ಟೆ, ಹರಿದ ಭಿಕ್ಷುಗಳಿಗೆ ಹಂಚುತ್ತೇವೆ ಎನ್ನುತ್ತಾನೆ ಆನಂದ. ಹಾಗಾದರೆ ಅವರ ಹಳೇ ಚೀವರ? ಹಾಸಿಗೆಯ ಮೇಲುಹಾಸು ಮಾಡುತ್ತೇವೆ. ಹಳೇ ಮೇಲುಹಾಸು? ಗಾದಿಯ ಗವಸು. ಹಳೇ ಗವಸು? ನೆಲಹಾಸು. ಆಮೇಲೆ ಕಾಲೊರಸು, ಆಮೇಲೆ ಧೂಳು ಹೊಡೆಯುವ ಅರಿವೆ. ಅದೂ ಮುಗಿದರೆ ಚೂರು ಮಾಡಿ, ಮಣ್ಣಿನಲ್ಲಿ ಕಲಸಿ, ನೆಲಕ್ಕೆ ಮೆತ್ತುತ್ತೇವೆ. ರಾಜ ಸಂತೋಷಪಟ್ಟು ಇನ್ನೂ 500 ಬಟ್ಟೆ ಕೊಡುತ್ತಾನೆ.

ಈ ಪ್ರಸಂಗವನ್ನು ಮಿತವ್ಯಯದ ಪಾಠವಾಗಿ ಹೇಳುವವರೇ ಹೆಚ್ಚು. ಅದರೊಳಗಿನ ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಆನಂದನ ಲೆಕ್ಕದಲ್ಲಿ ಬಟ್ಟೆ ಉಪಯೋಗದಿಂದ ಉಪಯೋಗಕ್ಕೆ ಇಳಿಯುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಇಳಿಯುವುದಿಲ್ಲ. ಹಿರಿಯ ಭಿಕ್ಷು ಉಟ್ಟು ಬಿಟ್ಟದ್ದು ಕಿರಿಯನಿಗೆ, ಕಿರಿಯ ಬಿಟ್ಟದ್ದು ಕಸ ಗುಡಿಸುವವನಿಗೆ ಎಂಬ ಮೆಟ್ಟಿಲೇ ಅಲ್ಲಿಲ್ಲ.

ನಮ್ಮ ಮನೆಗಳಲ್ಲಿ ಆಗುವುದು ಬಹುಪಾಲು ಇದರ ತಿರುಗುಮುರುಗು. ಹೊಸ ಚಾದರ ಬೀಗರು ಬಂದಾಗ ಟ್ರಂಕಿನಿಂದ ಹೊರಬರುತ್ತದೆ. ಮಕ್ಕಳಿಗೆ ಒಳ್ಳೆಯದು ಸಿಗುತ್ತದೆ. ತೆಳುವಾದದ್ದು ಪಡಸಾಲೆಯ ಮೂಲೆಯಲ್ಲಿ ಮಲಗುವ ಅಜ್ಜಿಗೆ, ಇಲ್ಲವೇ ಹೊಲದ ಆಳಿಗೆ. “ನನಗ್ಯಾಕಪ್ಪಾ ಹೊಸಾದು” ಎಂದು ಅಜ್ಜಿಯೇ ಅನ್ನುತ್ತಾಳೆ. ಆ ಮಾತನ್ನು ಒಪ್ಪಿಗೆ ಎಂದುಕೊಳ್ಳುವುದು ತಪ್ಪು. ವಯಸ್ಸಾದವರ ಚರ್ಮ ತೆಳು. ಗಂಟುಕಟ್ಟಿದ ಹೊಲಿಗೆ, ಮುದ್ದೆಯಾದ ಹಾಸು ಹಾಸಿಗೆ ಹಿಡಿದವರ ಮೈಯಲ್ಲಿ ಹುಣ್ಣು ಎಬ್ಬಿಸುತ್ತದೆ.

ಕಠೋಪನಿಷತ್ತು ಶುರುವಾಗುವುದೇ ಇಂಥ ಒಂದು ತಪ್ಪಿನಿಂದ. ವಾಜಶ್ರವಸ ಯಜ್ಞದಲ್ಲಿ ದಾನ ಕೊಡುವ ಹಸುಗಳು ತಾವು ಕುಡಿಯಬೇಕಾದ ನೀರನ್ನೆಲ್ಲ ಕುಡಿದು ಮುಗಿಸಿದಂಥವು, ಕೊಡಬೇಕಾದ ಹಾಲನ್ನೆಲ್ಲ ಕೊಟ್ಟು ಮುಗಿಸಿದಂಥವು. ನೋಡಿದ ಮಗ ನಚಿಕೇತನಿಗೆ ತಡೆಯಲಾಗುವುದಿಲ್ಲ. ಇಂಥದ್ದನ್ನು ಕೊಟ್ಟವನು ಆನಂದವಿಲ್ಲದ ಲೋಕಕ್ಕೆ ಹೋಗುತ್ತಾನೆ ಎಂದುಕೊಂಡು, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಅಪ್ಪನನ್ನು ಕೇಳುತ್ತಾನೆ. ಆತ್ಮವಿದ್ಯೆಯ ಅಷ್ಟು ದೊಡ್ಡ ಸಂವಾದ ಹುಟ್ಟಿದ್ದು ಕೆಲಸಕ್ಕೆ ಬಾರದ್ದನ್ನು ದಾನ ಎಂದು ದಾಟಿಸಿದ ಕೈಯಿಂದ. 2019ರ ಆಗಸ್ಟಿನಲ್ಲಿ ವರದಾ ಉಕ್ಕಿ ಹಾವೇರಿ ಜಿಲ್ಲೆಯ ದಂಡೆಯ ಊರುಗಳು ಮುಳುಗಿದ್ದವು. ಅಂಥ ಹೊತ್ತಿನಲ್ಲಿ ಹಾಸಲು ಹೊದೆಯಲು ಏನೂ ಉಳಿಯದವರಿಗೆ ಹಳೇ ಬಟ್ಟೆಯ ಗಂಟು ಕಟ್ಟುವವರು ನಚಿಕೇತನನ್ನು ನೆನೆಯಬೇಕು.

ಯಾರಿಗೆ ಎಂಥದ್ದು ಎಂಬ ವಿಷಯದಲ್ಲಿ ಕಂಬಳಿಯ ಸಂಪ್ರದಾಯ ನೇರ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶನ, ಅಂದರೆ ಮೈಲಾರಲಿಂಗನ, ಸೇವೆಯ ಗೊರವಪ್ಪಗಳ ಮೈಮೇಲೆ ಕರಿ ಕಂಬಳಿ. ಮೈಲಾರಲಿಂಗನ ಒಕ್ಕಲಿನ ಪೂಜೆಯಲ್ಲಿ ಕಂಬಳಿ ಹಾಸಿದರೆ ಅದೇ ದೇವರ ಗದ್ದಿಗೆ. ಬಯಲಲ್ಲಿ ಕುರಿ ಕಾಯುವವನ ಹಾಸಿಗೆ ಯಾವುದೋ, ದೇವರ ಆಸನವೂ ಅದೇ. ಉಣ್ಣೆಗೆ ಮೈಲಿಗೆ ಇಲ್ಲ ಎಂಬ ನಂಬಿಕೆಯೂ ಅದರ ಬೆನ್ನಿಗಿದೆ. ಕುರುಬ ಸಮಾಜದ ಸಮಾರಂಭಗಳಲ್ಲಿ ಗೌರವಿಸಬೇಕಾದವರಿಗೆ ಕಂಬಳಿ ಹೊದಿಸುತ್ತಾರೆ. ಅದು ಹೊಸದೇ ಆಗಿರುತ್ತದೆ.

ಹಾಗಂತ ಹಳತನ್ನು ಹಿಡಿದುಕೊಂಡೇ ಇರುವುದೂ ಧರ್ಮವಲ್ಲ. ರಾಣೇಬೆನ್ನೂರು ಹೈಬ್ರಿಡ್ ಬೀಜದ ಊರು. ಹೈಬ್ರಿಡ್ ಹತ್ತಿಯ ಬೀಜವನ್ನು ರೈತ ಮುಂದಿನ ವರ್ಷಕ್ಕೆ ಎತ್ತಿಡುವುದಿಲ್ಲ, ಎರಡನೇ ತಲೆಗೆ ಅದರ ಕಸುವು ಇಳಿಯುತ್ತದೆಂದು ಅವನಿಗೆ ಗೊತ್ತು. ಹಾಸಿಗೆಗೆ ಅಂಥ ವಾಯಿದೆ ಇಲ್ಲ, ಆದರೆ ಗುರುತುಗಳಿವೆ. ಉದುರಿದ ಚರ್ಮದ ಹೊಟ್ಟನ್ನು ತಿಂದು ಬದುಕುವ ಧೂಳುನುಸಿ ಹಾಸಿಗೆಯಲ್ಲಿ ಸೇರುತ್ತದೆ. ಅದು ಸಾಯಲು 60 ಡಿಗ್ರಿಯಷ್ಟು ಬಿಸಿ ನೀರು ಬೇಕು. ಅಷ್ಟು ಬಿಸಿ ತಡೆಯಲಾರದಷ್ಟು ಸವೆದ ಬಟ್ಟೆ ಹಾಸಲಿಕ್ಕೆ ಬಾರದು. ಬ್ಯಾಡಗಿಯಲ್ಲಿ ಇನ್ನೊಂದು ಕಷ್ಟ. ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿದ ಹೆಣ್ಣುಮಕ್ಕಳ ಸೆರಗಿನಲ್ಲಿ ಘಾಟು ಮನೆಗೆ ಬರುತ್ತದೆ, ಹಾಸಿಗೆಗೂ ಇಳಿಯುತ್ತದೆ. ಖಾರದ ಮೂಲವಾದ ಕ್ಯಾಪ್ಸಿಸಿನ್ ಬರೀ ನೀರಿನಲ್ಲಿ ಕರಗುವುದಿಲ್ಲ, ಸಾಬೂನು ಬೇಕು. ಸಾಬೂನಿಗೂ ಬಿಡದೆ ರಾತ್ರಿ ಮಗು ಕೆಮ್ಮಿದರೆ, ಒಂದು ಎಳೆಯೂ ಹರಿಯದ ಚಾದರವಾದರೂ ಅದರ ಕೆಲಸ ಮುಗಿದಿದೆ.

ಮೈಯನ್ನು ಕಾಯುವುದು ಹಾಸಿಗೆಯ ಕೆಲಸ. ಆ ಕೆಲಸ ನಿಂತ ದಿನ ಅದು ಕಾಲೊರಸಾಗಲಿ, ಕೌದಿಯ ಪದರವಾಗಲಿ. ಇನ್ನೊಬ್ಬರ ಹಾಸಿಗೆ ಆಗುವುದು ಬೇಡ.

ಈ ಸಲ ನವರಾತ್ರಿಗೆ ಹಾಸಿಗೆಗಳನ್ನು ಹೊರಗೆ ಹಾಕುವಾಗ, ಮನೆಯ ಅತಿ ಹಿರಿಯರು ಮಲಗುವ ಚಾದರವನ್ನು ಮೊದಲು ಬೆಳಕಿಗೆ ಹಿಡಿದು ನೋಡಿ. ಟ್ರಂಕಿನ ಹೊಸದನ್ನು ಅವರಿಗೆ ಹಾಸಿ.