ಒಂದೇ ಒಲೆಯ ಔತಣ

ಅತಿಥಿಸತ್ಕಾರವು ಗೃಹಸ್ಥನ ಧರ್ಮವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಸಂದೇಹವಿರುವುದು ಅದರ ಪ್ರಮಾಣದಲ್ಲಿ. ಮನೆಗೆ ಕರೆದವರಿಗೆ ನಾವು ಸಲ್ಲಿಸಲೇಬೇಕಾದ ಋಣ ಯಾವುದು? ಸಲ್ಲಿಸಿದರೆ ಸಂತೋಷ, ಸಲ್ಲಿಸದಿದ್ದರೆ ದೋಷವಿಲ್ಲ ಎನ್ನಬಹುದಾದುದು ಯಾವುದು? ಈ ಎರಡನ್ನೂ ಬೇರ್ಪಡಿಸಿ ನೋಡದಿರುವುದರಿಂದ ಎಷ್ಟೋ ಮಂದಿ ಸಾಲಮಾಡಿ ಔತಣವಿಡುತ್ತಾರೆ. ಇನ್ನೆಷ್ಟೋ ಮಂದಿ ನಾಚಿಕೆಯಿಂದ ಯಾರನ್ನೂ ಕರೆಯದೆಯೇ ಕಾಲ ಕಳೆಯುತ್ತಾರೆ. ಎರಡನೆಯದೇ ಹೆಚ್ಚಿನ ನಷ್ಟವೆಂದು ನಮ್ಮ ಅಭಿಪ್ರಾಯ. ಸಾಲವನ್ನು ಹೇಗೋ ತೀರಿಸಬಹುದು. ಹತ್ತು ವರ್ಷ ಯಾರೊಬ್ಬರೂ ಬಂದು ಕುಳಿತು ಉಣ್ಣದ ಮನೆಯ ಒಂಟಿತನವನ್ನು ತೀರಿಸುವುದು ಸುಲಭವಲ್ಲ.

ಪ್ರಸಾದನಿಲಯದಲ್ಲಿದ್ದು ಓದಿ, ಈಗ ಬೆಂಗಳೂರಿನಂತಹ ನಗರಗಳಲ್ಲಿ ಉದ್ಯೋಗ ಹಿಡಿದಿರುವ ತರುಣರು ದರ್ಶನಕ್ಕೆ ಬಂದಾಗ ಈ ಮಾತು ಆಗಾಗ ಬರುತ್ತದೆ. ಒಬ್ಬರು ಹೀಗೆ ಕೇಳಿದರು: "ಬುದ್ಧಿ, ಕೆಲಸ ಸಿಕ್ಕಿದ್ದಕ್ಕೆ ಪಾರ್ಟಿ ಕೊಡು ಅಂತ ಸ್ನೇಹಿತರು ಕಾಡುತ್ತಾರೆ. ರೂಮಿನಲ್ಲಿರೋದು ಒಂದು ಒಲೆ, ಐದು ಲೀಟರಿನ ಒಂದು ಕುಕ್ಕರ್, ಒಂದು ಬಾಣಲೆ. ಹನ್ನೆರಡು ಜನರನ್ನು ಹೋಟೆಲಿಗೆ ಕರೆದುಕೊಂಡು ಹೋದರೆ ಊರಿಗೆ ಕಳಿಸೋ ಹಣಕ್ಕೆ ಕತ್ತರಿ. ಏನು ಮಾಡಲಿ?" ಮೇಲುನೋಟಕ್ಕೆ ಇದು ಅಡುಗೆಯ ಪ್ರಶ್ನೆ. ವಿಚಾರಿಸಿ ನೋಡಿದರೆ ನೀತಿಶಾಸ್ತ್ರದ ಪ್ರಶ್ನೆ; ಏಕೆಂದರೆ ಕತ್ತರಿ ಬೀಳುವುದು ತಾಯಿತಂದೆಗಳ ಪಾಲಿಗೆ.

ಗ್ರೀಸ್ ದೇಶದ ಅರಿಸ್ಟಾಟಲನು ತನ್ನ ನೀತಿಗ್ರಂಥದ ನಾಲ್ಕನೆಯ ಭಾಗದಲ್ಲಿ ವೆಚ್ಚಮಾಡುವ ಗುಣದ ವಿವೇಚನೆ ನಡೆಸಿದ್ದಾನೆ. ಪಾಲು ಹಾಕಿಕೊಂಡು ಉಣ್ಣುವ ಗೆಳೆಯರ ಕೂಟಕ್ಕೆ ಮದುವೆಯ ಔತಣದಂತಹ ಊಟವನ್ನು ಬಡಿಸುವವನನ್ನು ಅವನು ಉದಾರಿಯೆಂದು ಕರೆಯಲಿಲ್ಲ. ಸಂದರ್ಭವರಿಯದೆ ಸಿರಿವಂತಿಕೆಯನ್ನು ತೋರಿಸಹೊರಟ ಡಾಂಭಿಕನೆಂದು ಎಣಿಸಿದನು. ವೆಚ್ಚದ ಯೋಗ್ಯತೆಯು ಹಣದ ಮೊತ್ತದಲ್ಲಿಲ್ಲ, ಸಂದರ್ಭಕ್ಕೆ ಅದು ಒಪ್ಪುವುದರಲ್ಲಿದೆ ಎಂಬುದು ಅವನ ಮತ. ಸಿರಿವಂತರ ನಗರವೊಂದರಲ್ಲಿ ಕುಳಿತು ಬರೆದವನ ಮಾತಿದು. ಬಡವನು ಇಡುವ ಔತಣದ ವಿಷಯದಲ್ಲಿ ಅವನಿಂದ ನಮಗೆ ಹೆಚ್ಚಿನ ನೆರವು ದೊರೆಯುವುದಿಲ್ಲ. ಅದಕ್ಕೆ ನಮ್ಮ ನಾಡಿನ ದಾಸೋಹದ ಭಾವವನ್ನೇ ನೋಡಬೇಕು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ನೀಡುವವನೇ ದಾಸನು. ತನ್ನ ಸಂಪತ್ತನ್ನು ಮೆರೆಸುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಹಾಗಾದರೆ ಋಣವೆಂದರೆ ಏನು? ಬಂದವನು ಹೊಟ್ಟೆ ತುಂಬ ಉಣ್ಣಬೇಕು; ಉಂಡದ್ದು ಅವನ ದೇಹಕ್ಕೆ ಹಿತವಾಗಬೇಕು; ಪಕ್ಕದವನಿಗೆ ನೀಡಿದ್ದು ಅವನಿಗೂ ಸಿಗಬೇಕು; ಕರೆದವನು ಒಲೆಯ ಮುಂದೆಯೇ ಬೆವರುತ್ತ ನಿಲ್ಲದೆ ಅವನೊಡನೆ ನಾಲ್ಕು ಮಾತನಾಡಬೇಕು. ಪದಾರ್ಥಗಳು ಇಷ್ಟಿರಬೇಕೆಂಬುದು ಈ ಋಣದಲ್ಲಿ ಸೇರಿಲ್ಲ. ಆದಕಾರಣ ಕೈ ಹಿಡಿಯಬೇಕಾದಾಗ ಬಗೆಗಳನ್ನು ಕಡಿಮೆಮಾಡಿರಿ, ಅಳತೆಯನ್ನು ಕಡಿಮೆಮಾಡಬೇಡಿರಿ. ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಭೇದವು ಇಲ್ಲಿಯೇ. ಎಂಟು ಬಗೆ ಮಾಡಿ ಚಮಚೆಯಲ್ಲಿ ಅಳೆದು ಬಡಿಸುವವನು ಜಿಪುಣ. ಎರಡೇ ಬಗೆ ಮಾಡಿ, ಎರಡನೆಯ ಸಲ, ಮೂರನೆಯ ಸಲ ಕೇಳುವವನು ಮಿತವ್ಯಯಿ.

ಇನ್ನು ಆ ತರುಣನ ಅಡುಗೆಮನೆಗೆ ಬರೋಣ. ಸನ್ಯಾಸಿಗೇಕೆ ಈ ಉಸಾಬರಿ ಎಂದು ಕೆಲವರು ನಗಬಹುದು. ಮಠದಲ್ಲಿ ಬೆಳೆದವನಿಗೆ ಶಾಸ್ತ್ರದ ಪರಿಚಯಕ್ಕಿಂತ ಮೊದಲು ಕೊಪ್ಪರಿಗೆಯ ಪರಿಚಯವಾಗಿರುತ್ತದೆಂಬುದು ಹಳೆಯ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಒಲೆಯೊಂದೇ ಇದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ ಯಾವುದನ್ನು ಬೇಯಿಸಬೇಕೆಂಬುದಲ್ಲ, ಬೇಯಿಸದೆ ಯಾವುದನ್ನು ಬಡಿಸಬಹುದೆಂಬುದು. ಉತ್ತರ ಕರ್ನಾಟಕದ ತಾಯಂದಿರು ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದ್ದಾರೆ. ಒಣಗಿಸಿದ ಖಡಕ್ ರೊಟ್ಟಿಯು ತೇವ ತಾಗದಿದ್ದರೆ ವಾರಗಟ್ಟಲೆ ಕೆಡದು. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಗಳೂ ಅಂತೆಯೇ. ತಲೆಗೆ ಮೂರು ರೊಟ್ಟಿಯಂತೆ ಹನ್ನೆರಡು ಮಂದಿಗೆ ಮೂವತ್ತಾರು. ಮುರಿದುಹೋಗುವುದನ್ನು ಲೆಕ್ಕಹಾಕಿ ನಲವತ್ತು ತಂದಿಟ್ಟುಕೊಳ್ಳಿರಿ. ಹೆಸರುಬೇಳೆಯ ಕೋಸಂಬರಿಗೂ ಬೆಂಕಿ ಬೇಡ. ಬೇಳೆಯನ್ನು ಒಂದೆರಡು ಗಂಟೆ ನೆನೆಹಾಕಿ, ಸೌತೆಕಾಯಿ, ತೆಂಗಿನತುರಿ, ಹಸಿಮೆಣಸಿನಕಾಯಿ, ನಿಂಬೆರಸ ಬೆರೆಸಿದರಾಯಿತು. ಉಪ್ಪನ್ನು ಮಾತ್ರ ಬಡಿಸುವ ಹೊತ್ತಿಗೆ ಹಾಕಬೇಕು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಸಿಹಿಗೆ ಬೆಲ್ಲದ ಪಾನಕ. ಅದಕ್ಕೂ ಒಲೆ ಬೇಕಿಲ್ಲ, ಒಂದಿಷ್ಟು ಏಲಕ್ಕಿ, ಶುಂಠಿ ಇದ್ದರೆ ಸಾಕು.

ಈಗ ಒಲೆಗೆ ಉಳಿದದ್ದು ಎರಡೇ ಕೆಲಸ: ಕಾಳಿನ ಪಲ್ಯ ಮತ್ತು ಅನ್ನ. ಮುಕ್ಕಾಲು ಕಿಲೋ ಹೆಸರುಕಾಳನ್ನು ಹಿಂದಿನ ರಾತ್ರಿಯೇ ನೆನೆಯಿಟ್ಟರೆ ಬೆಳಗ್ಗೆ ಅದು ಎರಡು ಪಟ್ಟಿಗೂ ಮೀರಿ ಉಬ್ಬಿರುತ್ತದೆ. ಬೇಗ ಬೆಂದು ಇಂಧನವೂ ಉಳಿಯುತ್ತದೆ. ಬೇಳೆಕಾಳುಗಳು ಬೇಯುವಾಗ ನೊರೆಯೇಳುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಎರಡು ಸಲ ಇಡಬೇಕಾದರೆ ಇಡಿರಿ, ಅವಸರಪಡಬೇಡಿರಿ. ಬೆಂದ ಪಲ್ಯದ ಪಾತ್ರೆಯನ್ನು ಮುಚ್ಚಳ ಸಮೇತ ದಪ್ಪ ಕಂಬಳಿಯಲ್ಲಿ ಸುತ್ತಿಟ್ಟರೆ ಅನ್ನ ಆಗುವವರೆಗೆ ಬಿಸಿಯಾಗಿಯೇ ಇರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗೃಹಿಣಿಯರು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕುದಿಯುವ ಪಾತ್ರೆಯನ್ನಿಟ್ಟು, ಒಲೆಯಿಲ್ಲದೆಯೇ ಅಡುಗೆ ಮುಂದುವರಿಯುವಂತೆ ಮಾಡುತ್ತಿದ್ದರು. ತತ್ತ್ವ ಒಂದೇ.

ಅನ್ನವನ್ನು ಕಟ್ಟಕಡೆಗೆ ಮಾಡಬೇಕು. ಇದು ಬರಿಯ ರುಚಿಯ ಮಾತಲ್ಲ. ಬೆಳಗ್ಗೆ ಬೇಯಿಸಿದ ಅನ್ನವನ್ನು ಫ್ರಿಜ್ ಇಲ್ಲದ ಕೋಣೆಯಲ್ಲಿ ಸಂಜೆಯವರೆಗೆ ಇಟ್ಟರೆ, ಅಕ್ಕಿಯಲ್ಲಿದ್ದು ಬೇಯಿಸಿದಾಗಲೂ ಸಾಯದೆ ಉಳಿದ ಒಂದು ಬಗೆಯ ಸೂಕ್ಷ್ಮಜೀವಿಯು ಬೆಳೆದು ವಿಷವನ್ನು ಉಂಟುಮಾಡಬಲ್ಲದು. ಮತ್ತೆ ಕಾಯಿಸಿದರೂ ಆ ವಿಷ ಹೋಗದು. ಅಗ್ಗದ ಊಟವಿಟ್ಟವನಿಗೆ ಲೋಕದ ಕ್ಷಮೆಯುಂಟು. ಅತಿಥಿಯ ಆರೋಗ್ಯ ಕೆಡಿಸಿದವನು ಬಡತನದ ನೆಪ ಹೇಳಿ ಪಾರಾಗಲಾರನು. ರೊಟ್ಟಿಯ ಮೇಲೆ ಉಣ್ಣುವ ಅನ್ನಕ್ಕೆ ಹನ್ನೆರಡು ಮಂದಿಗೆ ಮುಕ್ಕಾಲು ಕಿಲೋ ಅಕ್ಕಿ ಸಾಕು. ನಿಂಬೆರಸದ ಒಗ್ಗರಣೆ ಹಾಕಿದರೆ ಚಿತ್ರಾನ್ನ. ಮೊಸರು ಬೇಕೆನ್ನುವವರಿಗೆ ಮೊಸರು. ಕಾಳು ಮತ್ತು ಧಾನ್ಯ ಕೂಡಿದಾಗ ಒಂದರ ಸಸಾರಜನಕದ ಕೊರತೆಯನ್ನು ಇನ್ನೊಂದು ತುಂಬುತ್ತದೆಂದು ಆಹಾರಶಾಸ್ತ್ರಜ್ಞರು ಹೇಳುತ್ತಾರೆ. ಆದ್ದರಿಂದ ಇದನ್ನು ಬಡವರ ಊಟವೆಂದು ಹೀಗಳೆಯುವ ಕಾರಣವಿಲ್ಲ. ತಟ್ಟೆಗಳ ಕೊರತೆಗೆ ಬಾಳೆಯೆಲೆಯೋ ಮುತ್ತುಗದ ಪತ್ರಾವಳಿಯೋ ಇದೆ. ಪ್ಲಾಸ್ಟಿಕ್ ತಟ್ಟೆಲೋಟಗಳನ್ನು ಸರ್ಕಾರವೇ 2022ರ ಜುಲೈ 1ರಿಂದ ನಿಷೇಧಿಸಿದೆ.

ಈ ಊಟದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮಗೆ ಅದೇ ಮುಖ್ಯವಾಗಿ ತೋರುತ್ತದೆ. ನಗರದ ಗೆಳೆಯರ ಬಳಗವೆಂದರೆ ನಾನಾ ಆಚಾರಗಳ ಬಳಗ. ಒಬ್ಬನು ಮಾಂಸಾಹಾರಿ, ಒಬ್ಬನು ಶಾಕಾಹಾರಿ. ಜೈನ ಮಿತ್ರನಿಗೆ ಈರುಳ್ಳಿ ಬೆಳ್ಳುಳ್ಳಿ ವರ್ಜ್ಯ. ಈಗೀಗ ಹಾಲುತುಪ್ಪಗಳನ್ನೂ ಬಿಟ್ಟವರಿದ್ದಾರೆ. ಎಲ್ಲರ ಇಷ್ಟಕ್ಕೆ ತಕ್ಕಂತೆ ಬೇರೆ ಬೇರೆ ಅಡುಗೆ ಮಾಡಹೊರಟರೆ ಎರಡು ಅನರ್ಥಗಳು. ಒಂದೇ ಬಾಣಲೆಯಲ್ಲಿ ಅದು ಸಾಧ್ಯವಾಗದು. ಸಾಧ್ಯವಾದರೂ ಪಂಕ್ತಿ ಒಡೆಯುತ್ತದೆ. ಜಾತಿಯಿಂದ ಪಂಕ್ತಿಭೇದ ಮಾಡಿದ ಕಾಲದ ಕಹಿಯನ್ನು ಹಿರಿಯರು ಬಲ್ಲರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಆ ಭೇದವನ್ನು ಅಳಿಸಹೊರಟರು. ಈರುಳ್ಳಿ ಬೆಳ್ಳುಳ್ಳಿಯಿಲ್ಲದೆ, ತುಪ್ಪದ ಬದಲು ಎಣ್ಣೆಯಲ್ಲಿ ಒಗ್ಗರಿಸಿ, ಜೀರಿಗೆ ತೆಂಗಿನತುರಿಯಿಂದ ರುಚಿಗೊಳಿಸಿದ ಒಂದು ಪಾತ್ರೆ ಕಾಳುಪಲ್ಯವನ್ನು ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬಹುದು. ಶೇಂಗಾ ಒಗ್ಗದವರೂ ಇರುತ್ತಾರೆ. ಬೆಳ್ಳುಳ್ಳಿಯೂ ಇರುವ ಆ ಚಟ್ನಿಪುಡಿಯನ್ನು, ಮೊಸರಿನಂತೆಯೇ, ಬೇರೆ ಬಟ್ಟಲಿನಲ್ಲಿಟ್ಟು ಮೊದಲೇ ತಿಳಿಸಿದರಾಯಿತು. ಹತ್ತು ಬಗೆಯಿರುವ ಭೋಜನಕೂಟದಲ್ಲಿ ಶಾಕಾಹಾರಿಯು ಮೂಲೆಯಲ್ಲಿ ನಿಂತು ಯಾವುದರಲ್ಲಿ ಏನಿದೆಯೋ ಎಂದು ವಿಚಾರಿಸುತ್ತಿರುವುದನ್ನು ನೀವೂ ಕಂಡಿರಬಹುದು. ಅಲ್ಲಿ ಪದಾರ್ಥಗಳಿಗೆ ಕೊರತೆಯಿಲ್ಲ, ಆದರೂ ಅವನು ಅತಿಥಿಯಾಗಿಲ್ಲ.

ನಾಚಿಕೆಯೆಂಬುದು ಕೊರತೆಯಿಂದ ಹುಟ್ಟುವುದಿಲ್ಲ, ಹೋಲಿಕೆಯಿಂದ ಹುಟ್ಟುತ್ತದೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಬೇಕೆಂದು ದೇಶಕ್ಕೆ ಕರೆಯಿತ್ತಾಗ, ಆ ಹೊತ್ತು ಒಲೆ ಹಚ್ಚದ ಮನೆಗಳವರು ಅದನ್ನು ಅವಮಾನವೆಂದು ತಿಳಿಯಲಿಲ್ಲ. ಇಂದು ಗೆಳೆಯನೊಬ್ಬನು ದೊಡ್ಡ ಹೋಟೆಲಿನಲ್ಲಿ ಊಟ ಹಾಕಿಸಿದನೆಂಬ ಒಂದೇ ಕಾರಣದಿಂದ ನಮ್ಮ ಕಾಳುಪಲ್ಯ ನಮಗೇ ಕೀಳಾಗಿ ಕಾಣುವುದಾದರೆ, ಚಿಕಿತ್ಸೆ ಬೇಕಾದುದು ಪಲ್ಯಕ್ಕಲ್ಲ.

ಬರುವವರಿಂದ ಏನನ್ನಾದರೂ ತರಿಸುವುದು ಗೌರವಕ್ಕೆ ಕುಂದಲ್ಲವೇ ಎಂಬ ಪ್ರಶ್ನೆಯೊಂದು ಉಳಿಯುತ್ತದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ನೋಡಿದವರು ಇದಕ್ಕೆ ತಾವೇ ಉತ್ತರಿಸಬಲ್ಲರು. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಮನೆಮನೆಗಳಲ್ಲಿ ತಟ್ಟಿದ ಜೋಳದ ರೊಟ್ಟಿಗಳು ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಮೆರವಣಿಗೆಯಾಗಿ ಬರುತ್ತವೆ. ಲಕ್ಷಗಟ್ಟಲೆ ರೊಟ್ಟಿ ಬೇಯಿಸುವ ಹೆಂಚು ಯಾವ ಮಠದಲ್ಲಿದೆ? ಹಳ್ಳಿಯ ಪ್ರತಿ ಮನೆಯ ಹೆಂಚೂ ಆ ದಿನಗಳಲ್ಲಿ ಮಠದ ಹೆಂಚಾಗುತ್ತದೆ. ರೊಟ್ಟಿ ತಂದವರೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. ತಂದವರಾರು, ಉಂಡವರಾರು ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಆದುದರಿಂದ ಊರಿನಿಂದ ಬರುವ ಗೆಳೆಯನಿಗೆ ರೊಟ್ಟಿ ತರಲು ಹೇಳಿರಿ. ದೊಡ್ಡ ಪಾತ್ರೆಯಿರುವವನಿಂದ ಪಾತ್ರೆಯನ್ನು ಕೇಳಿ ತರಿಸಿರಿ, ಅದನ್ನು ತೊಳೆದೇ ಹಿಂದಿರುಗಿಸಿರಿ. ಇದನ್ನು ಎರಡು ದಿನ ಮೊದಲೇ ತಿಳಿಸಬೇಕು, ಬಾಗಿಲಲ್ಲಿ ನಿಂತಾಗ ಅಲ್ಲ. ಅಕ್ಕಿ, ಕಾಳು ನಿಮ್ಮ ದುಡಿಮೆಯದಾಗಿರಲಿ. ಅನ್ನಕ್ಕೆ ಎಸರಿಡುವುದು ಎಲ್ಲರೂ ಬಂದು ಕುಳಿತ ಮೇಲೆ. ಅದು ಬೇಯುವಷ್ಟರಲ್ಲಿ ಒಂದು ಲೋಟ ಪಾನಕ, ಒಂದಿಷ್ಟು ಊರಿನ ಸುದ್ದಿ.