ಪವಾಡವೂ ಬೋಧಕನ ಅಧಿಕಾರವೂ

ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಸ್ ಬೆಸಿಲಿಕಾದ ಮುಂದೆ ಹಾದುಹೋಗುವಾಗ ಕೈಮುಗಿಯುವವರು ನಮ್ಮ ಕನ್ನಡ ಮನೆಗಳಲ್ಲಿಯೂ ಇದ್ದಾರೆ. ಮಗು ಕಾಯಿಲೆ ಬಿದ್ದಾಗ ನೆರೆಮನೆಯ ಚೇಚಿಯ ಮಾತು ಕೇಳಿ ಭರಣಂಗಾನಕ್ಕೆ ಹೋಗಿ, ಸಂತ ಅಲ್ಫೋನ್ಸಾ ಅವರ ಸಮಾಧಿಯ ಬಳಿ ಮೇಣದ ಬತ್ತಿ ಹಚ್ಚಿ ಬರುವವರೂ ಉಂಟು. ಮಗು ಗುಣವಾಯಿತೆಂದು ಇಟ್ಟುಕೊಳ್ಳೋಣ. ಆಗ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಪವಾಡವನ್ನು ಒಪ್ಪಿದ ಮೇಲೆ ಆ ಧರ್ಮಸಭೆಯ ಬೋಧನೆಯನ್ನೂ ಒಪ್ಪಲೇಬೇಕೇ? ಒಪ್ಪದಿದ್ದರೆ ನಾವು ಕೃತಘ್ನರೇ?

ಕ್ರೈಸ್ತ ಗ್ರಂಥಗಳಲ್ಲಿಯೇ ಈ ಪ್ರಶ್ನೆಗೆ ಎರಡು ಮುಖಗಳಿವೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ಪಾರ್ಶ್ವವಾಯು ರೋಗಿಯನ್ನು ಎಬ್ಬಿಸಿ ನಡೆಸುವುದು, ಪಾಪಗಳನ್ನು ಕ್ಷಮಿಸುವ ಅಧಿಕಾರ ತನಗಿದೆಯೆಂದು ತೋರಿಸಲು. ಇಲ್ಲಿ ಪವಾಡವೇ ಅಧಿಕಾರಕ್ಕೆ ಸಾಕ್ಷಿ. ಆದರೆ ಅದೇ ಸುವಾರ್ತೆಯಲ್ಲಿ ಫರಿಸಾಯರು ಆಕಾಶದಿಂದ ಒಂದು ಗುರುತನ್ನು ತೋರಿಸೆಂದಾಗ ಆತ ನಿಟ್ಟುಸಿರಿಟ್ಟು ನಿರಾಕರಿಸುತ್ತಾನೆ. ನೊಂದವನಿಗೆ ಸಿಕ್ಕಿದ್ದು ಪರೀಕ್ಷಿಸಲು ಬಂದವರಿಗೆ ಸಿಗಲಿಲ್ಲ. ಅದಕ್ಕೂ ಹಿಂದಿನ ಧರ್ಮೋಪದೇಶಕಾಂಡ ಇನ್ನೂ ನಿಷ್ಠುರ: ಪ್ರವಾದಿ ಹೇಳಿದ ಅದ್ಭುತ ನಿಜವಾದರೂ ಸರಿ, ಅನ್ಯದೇವರ ಕಡೆಗೆ ಎಳೆದರೆ ಅವನ ಮಾತು ಕೇಳಬೇಡಿ ಎನ್ನುತ್ತದೆ. ಅಂದರೆ ಬೋಧನೆಯಿಂದಲೇ ಪವಾಡವನ್ನು ಅಳೆಯಬೇಕು.

1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ಪವಾಡಗಳನ್ನು ದೈವೀ ಪ್ರಕಟಣೆಯ ಖಚಿತ ಗುರುತುಗಳೆಂದು ಸಾರಿತು. ಆದರೆ ಯಾವುದು ಪವಾಡವೆಂದು ತೀರ್ಮಾನಿಸುವುದೂ ಸಭೆಯೇ. ಪವಾಡ ಅಧಿಕಾರಕ್ಕೆ ಸಾಕ್ಷಿ, ಅಧಿಕಾರ ಪವಾಡಕ್ಕೆ ಸಾಕ್ಷಿ ಎಂದರೆ ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತಿದಂತಾಗುವುದಿಲ್ಲವೇ?

ಅಲ್ಫೋನ್ಸಾ ಅವರ ವಿಷಯದಲ್ಲಿ ನಡೆದ ಕ್ರಮವನ್ನು ನೋಡಿದರೆ ಸ್ವಲ್ಪ ಬೆಳಕು ಕಾಣುತ್ತದೆ. 1910ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಈ ಸನ್ಯಾಸಿನಿ ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು. ಬಹುಕಾಲ ರೋಗದಲ್ಲಿ ನರಳಿದರು. ಇಂಥವರ ವಿಚಾರಣೆಯಲ್ಲಿ ಸಭೆ ಮೊದಲು ನೋಡುವುದು ಬದುಕಿನ ಸದ್ಗುಣವನ್ನು. ಪವಾಡದ ಸರದಿ ಆಮೇಲೆ. ವೈದ್ಯರು ಹೇಳುವುದು, ಗುಣವಾದದ್ದಕ್ಕೆ ತಮ್ಮ ಶಾಸ್ತ್ರದಲ್ಲಿ ವಿವರಣೆಯಿಲ್ಲವೆಂದು ಮಾತ್ರ. ಒಂದು ಮಗುವಿನ ತಿರುಚಿದ ಪಾದಗಳು ನೆಟ್ಟಗಾದದ್ದನ್ನು ಪವಾಡವೆಂದು ಅಂಗೀಕರಿಸಿ, 2008ರ ಅಕ್ಟೋಬರ್ 12ರಂದು ಅವರಿಗೆ ಸಂತ ಪದವಿ ನೀಡಲಾಯಿತು.

ಬದುಕು ಮೊದಲು, ಬೆರಗು ಆಮೇಲೆ: ಈ ಕ್ರಮ ನಮಗೂ ಸರಿಯೆನಿಸುತ್ತದೆ. ರೋಗ ವಾಸಿಯಾದುದಕ್ಕೆ ನಾವು ಸಲ್ಲಿಸಬೇಕಾದದ್ದು ಕೃತಜ್ಞತೆ, ವಿವೇಕವನ್ನು ಒಪ್ಪಿಸಿಬಿಡಬೇಕಾಗಿಲ್ಲ. ಬೋಧನೆ ತನ್ನ ಸತ್ಯದಿಂದ, ಬೋಧಕ ತನ್ನ ನಡತೆಯಿಂದ ನಿಲ್ಲಬೇಕು.

ಆದರೆ ಈ ಅಳತೆಗೋಲು ನೆರೆಮನೆಗೊಂದು, ನಮ್ಮ ಮನೆಗೊಂದು ಆಗಬಾರದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದಾಗ ಎಷ್ಟು ಕೋಲಾಹಲವಾಯಿತು! ಬತ್ತಿ ಹಚ್ಚಿದ ತಾಯಿಯನ್ನು ಗದರಿಸುವ ಮುನ್ನ, ಕೈಯಿಂದ ವಿಭೂತಿ ಉದುರಿತೆಂದು ನಾವು ಯಾರ ಮಾತಿಗೆಲ್ಲ ತಲೆಬಾಗಿದ್ದೇವೆಂದು ನೆನೆದುಕೊಳ್ಳೋಣ.