ನಿವೇಶನವೂ ಅನರ್ಥದಂಡವಿರತಿಯೂ

ಗೃಹಸ್ಥನಿಗೆ ಸ್ಥಾವರ ಹಿಂಸೆಯ ಪೂರ್ಣ ತ್ಯಾಗವನ್ನು ನಮ್ಮ ಆಚಾರ್ಯರು ವಿಧಿಸಿಲ್ಲ. ಮನೆ ಕಟ್ಟುವವನು ನೆಲವನ್ನು ಅಗೆಯಲೇಬೇಕು. ಅಡ್ಡವಾದ ಮರವನ್ನು ತೆಗೆಯಬೇಕಾಗಿಯೂ ಬರಬಹುದು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಅವನು ಬಿಡಲೇಬೇಕಾದುದು ಮೊದಲನೆಯದನ್ನು ಮಾತ್ರ. ಈ ವಿನಾಯಿತಿಯನ್ನು ನಾವೆಲ್ಲರೂ ಬಲ್ಲೆವು; ಬಲ್ಲುದಕ್ಕಿಂತ ಹೆಚ್ಚಾಗಿ ಬಳಸುತ್ತೇವೆ. ತೋಟವನ್ನು ಬಡಾವಣೆಯಾಗಿ ಮಾರ್ಪಡಿಸುವ ಶ್ರಾವಕನು ‘ಇದು ನನ್ನ ಉದ್ಯೋಗ’ ಎಂದುಬಿಟ್ಟರೆ, ಅಲ್ಲಿಯ ಮಾವು, ಹಲಸು, ಹುಣಿಸೆಗಳೆಲ್ಲವೂ ಆ ಒಂದೇ ಶಬ್ದದಿಂದ ಉರುಳಬಹುದೆ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿ, ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿಗಳನ್ನು ಕೆದಕುವುದನ್ನೂ ವನಸ್ಪತಿಯನ್ನು ಛೇದಿಸುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಪ್ರಯೋಜನವೆಂಬುದು ಇಡೀ ಕಾರ್ಯಕ್ಕೆ ಒಮ್ಮೆಗೇ ದೊರೆಯುವ ಪರವಾನಗಿಯಲ್ಲ. ಒಂದೊಂದು ಮರದ ಮುಂದೆಯೂ ಅದನ್ನು ಹೊಸದಾಗಿ ಕೇಳಿಕೊಳ್ಳಬೇಕು. ರಸ್ತೆಗೆ ಮೂರು ಮರಗಳು ಅಡ್ಡವಾದರೆ ಆ ಮೂರಕ್ಕೆ ಪ್ರಯೋಜನವುಂಟು. ಯಂತ್ರವು ಸಲೀಸಾಗಿ ತಿರುಗಲೆಂದು ಉಳಿದ ಹದಿನೇಳನ್ನು ಕೆಡವಿದರೆ ಅದು ಚಾಲಕನ ಅನುಕೂಲ, ಅಷ್ಟೆ.

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಲೇಶ್ಯಾವೃಕ್ಷವನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿಯೂ ಆ ದೃಷ್ಟಾಂತವಿದೆ. ದಾರಿ ತಪ್ಪಿದ ಆರು ಪಥಿಕರಲ್ಲಿ ಒಬ್ಬನು ಫಲವೃಕ್ಷವನ್ನು ಬುಡಸಹಿತ ಕೀಳಬೇಕೆನ್ನುತ್ತಾನೆ; ಕೊನೆಯವನು ಉದುರಿದ ಹಣ್ಣೇ ಸಾಕೆನ್ನುತ್ತಾನೆ. ಆರು ಮಂದಿಯ ಹಸಿವೂ ಒಂದೇ, ಹಸಿವು ನ್ಯಾಯವಾದುದೂ ಹೌದು. ಆದರೂ ಒಬ್ಬನದು ಕೃಷ್ಣಲೇಶ್ಯೆ, ಇನ್ನೊಬ್ಬನದು ಶುಕ್ಲಲೇಶ್ಯೆ. ಪ್ರಯೋಜನವು ಶುದ್ಧವಾಗಿದ್ದ ಮಾತ್ರಕ್ಕೆ ಪರಿಣಾಮವು ಶುದ್ಧವಾಗುವುದಿಲ್ಲ. ಎಷ್ಟನ್ನು ತೆಗೆದುಕೊಂಡೆವು ಎಂಬುದರಿಂದ ಅದು ನಿರ್ಣಯವಾಗುತ್ತದೆ.

ಕಡಿಯದೆಯೂ ಮರವನ್ನು ಕೊಲ್ಲುವುದುಂಟು. ಆಹಾರ ಹೀರುವ ಬೇರುಗಳಲ್ಲಿ ಬಹುಭಾಗವು ನೆಲದ ಮೇಲಿನ ಒಂದೆರಡು ಅಡಿಗಳಲ್ಲಿಯೇ ಹರಡಿ, ಕೊಂಬೆಗಳ ನೆರಳನ್ನು ದಾಟಿ ಹೋಗಿರುತ್ತದೆ. ಅಲ್ಲಿ ಭಾರಿ ಯಂತ್ರವು ಓಡಾಡಿದರೆ ಮಣ್ಣು ಬಿಗಿದು ಬೇರಿಗೆ ಗಾಳಿ ದೊರೆಯದು. ಬುಡದ ಸುತ್ತ ಮಣ್ಣನ್ನು ಏರಿಸಿದರೂ ಅದೇ ಗತಿ. ಮರವು ಎರಡು-ಮೂರು ವರ್ಷಗಳಲ್ಲಿ ಮೆಲ್ಲನೆ ಒಣಗುತ್ತದೆ, ಯಜಮಾನನು ‘ನಾನು ಕಡಿಸಲಿಲ್ಲ’ ಎನ್ನುತ್ತಾನೆ. ಕೆಲಸ ಆರಂಭವಾಗುವ ಮುನ್ನವೇ ಕೊಂಬೆಗಳ ಅಂಚಿನವರೆಗೆ ಬೇಲಿ ಕಟ್ಟಿಸಿ, ಅದರೊಳಗೆ ಜಲ್ಲಿ, ಸಿಮೆಂಟು ಬೀಳದಂತೆ ಕಾಯುವುದು ಹೆಚ್ಚಿನ ಖರ್ಚಿನ ಮಾತೇನೂ ಅಲ್ಲ.

ಇನ್ನು, ಅನಿವಾರ್ಯವಾಗಿ ಕಡಿದ ಮರದ ವಿಚಾರ. ಇಲ್ಲಿಯೇ ನಮ್ಮವರ ವಿವೇಕವು ಹೆಚ್ಚಾಗಿ ಮಲಗಿಬಿಡುತ್ತದೆ. ದಿಮ್ಮಿಯನ್ನು ಮಾರಿ, ರೆಂಬೆ, ಸೊಪ್ಪು, ಬೊಡ್ಡೆಗಳನ್ನು ಮೂಲೆಗೆ ಒಟ್ಟಿ, ಒಣಗಿದ ಮೇಲೆ ಬೆಂಕಿಯಿಡುವುದು ವಾಡಿಕೆ. ಒಣಮರವು ಅಚಿತ್ತವೆಂದು ಸಮಾಧಾನ ಹೇಳುವವರುಂಟು. ಆದರೆ ಕೆಲವೇ ವಾರಗಳಲ್ಲಿ ಆ ರಾಶಿಯನ್ನು ಇರುವೆ, ಗೆದ್ದಲು, ದುಂಬಿಯ ಮರಿಗಳು ಸೇರುತ್ತವೆ. ಹಲ್ಲಿ, ಓತಿ, ಹಾವುಗಳೂ ಆಶ್ರಯ ಪಡೆಯುತ್ತವೆ. ಕಡಿಯುವಾಗ ಏಕೇಂದ್ರಿಯದಲ್ಲಿ ನಿಂತಿದ್ದ ಹಿಂಸೆಯು ಬೆಂಕಿಯಿಂದ ಪಂಚೇಂದ್ರಿಯದವರೆಗೆ ಏರುತ್ತದೆ. ತ್ರಸಜೀವಿಗಳ ರಕ್ಷಣೆಯಾದರೋ ಅಣುವ್ರತದ ತಿರುಳು. ತತ್ತ್ವಾರ್ಥಸೂತ್ರವು ಪ್ರೋಷಧೋಪವಾಸದ ಅತಿಚಾರಗಳಲ್ಲಿ, ನೋಡದೆ, ಮೃದುವಾಗಿ ಗುಡಿಸದೆ ವಿಸರ್ಜಿಸುವುದನ್ನು ಮೊದಲಿಗೇ ಎಣಿಸಿದೆ. ಅಷ್ಟಮಿ, ಚತುರ್ದಶಿಗಳಂದು ಹಸಿರನ್ನು ತೊರೆದು, ಚಾಪೆಯನ್ನು ಕೊಡವಿ ಹಾಸುವ ನಾವು ನಿವೇಶನದ ಕಸವನ್ನು ನೋಡದೆಯೇ ಸುಡಬಹುದೆ?

ಸುಡದೆ ಇರಲು ದಾರಿಗಳುಂಟು. ರೆಂಬೆಗಳನ್ನು ಯಂತ್ರದಿಂದ ಆಗಲೇ ಚೂರು ಮಾಡಿಸಿ, ಉಳಿಸಿದ ಮರಗಳ ಸುತ್ತ ಮೂರು-ನಾಲ್ಕು ಅಂಗುಲ ಹರಡಿದರೆ ತೇವ ಉಳಿಯುತ್ತದೆ; ಕಾಂಡಕ್ಕೆ ಮಾತ್ರ ತಾಗಬಾರದು, ಕೊಳೆಯುತ್ತದೆ. ಎಲೆ ಗೊಬ್ಬರವಾಗುತ್ತದೆ, ಮುಳ್ಳುರೆಂಬೆ ಬೇಲಿಗಾಗುತ್ತದೆ.

ಬಸದಿಗೋ ಸಮುದಾಯ ಭವನಕ್ಕೋ ಆದರೆ ದೋಷವಿಲ್ಲವೆಂಬ ಆಕ್ಷೇಪವನ್ನು ಮರೆಯುವಂತಿಲ್ಲ. ಜಿನಪೂಜೆಯಲ್ಲಿ ಒದಗುವ ಅಲ್ಪ ಸಾವದ್ಯವು ಪುಣ್ಯರಾಶಿಯ ನಡುವೆ ದೋಷವಾಗದೆಂದು ಸ್ವಯಂಭೂಸ್ತೋತ್ರವು ಹೇಳುವುದು ನಿಜ. ಆದರೆ ಅಲ್ಲಿ ಹೇಳಿರುವುದು ಲೇಶದ ವಿಷಯ. ತಪ್ಪಿಸಬಹುದಾಗಿದ್ದ ಹಿಂಸೆಯನ್ನೂ ಆ ಲೇಶದೊಳಗೆ ತುರುಕುವುದು ಸ್ತೋತ್ರಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು; ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ವ್ರತಕ್ಕೆ ಆ ವಿನಾಯಿತಿಯ ಪಟ್ಟಿ ಅನ್ವಯಿಸದು. ಗುತ್ತಿಗೆದಾರನು ಮಾಡಿದನೆಂದರೂ ಸಲ್ಲದು. ಕೃತದಂತೆಯೇ ಕಾರಿತವೂ ಅನುಮೋದನೆಯೂ ನಮ್ಮವೇ. ಆದುದರಿಂದ ಯಾವ ಮರ ಉಳಿಯಬೇಕು, ಬೇಲಿ ಎಲ್ಲಿ, ರೆಂಬೆಗಳು ಎಲ್ಲಿಗೆ ಎಂಬುದು ಕರಾರಿನಲ್ಲಿಯೇ ಬರೆದಿರಲಿ. ಕಡಿಯುವ ದಿನ ಬೆಳಿಗ್ಗೆ ಯಜಮಾನನೇ ಹೋಗಿ ಗೂಡು, ಮೊಟ್ಟೆ, ಪೊಟರೆಗಳನ್ನು ನೋಡಲಿ. ಮರಿಗಳಿದ್ದರೆ ಅವು ಹಾರುವವರೆಗೆ ಕೊಡಲಿ ಕಾಯಲಿ. ಆಲದ ಮರವನ್ನು ತೆಗೆಯಲೇಬೇಕಾದರೆ ಮಳೆಗಾಲದ ಮೊದಲಲ್ಲಿ ತೆಗೆಯುವುದು ಮೇಲು. ಅದರ ದಪ್ಪ ಕೊಂಬೆಗಳು ಒದ್ದೆ ನೆಲದಲ್ಲಿ ನೆಟ್ಟರೆ ಚಿಗುರುತ್ತವೆ.